ಒಂಟಿ ಕುರ್ಚಿಯ ಮನೆ

ನಮ್ಮೂರಿನಲ್ಲಿ ಸಾಮಾನು ಹೆರುತ್ತದೆ. ಇದನ್ನು ಹೇಳದೆ ದಾಕ್ಷಾಯಣಿಯ ಕಥೆ ಹೇಳಲು ಬರುವುದಿಲ್ಲ. ಹೇಳಿದ ಮೇಲೆ ಯಾಕೆ, ಹೇಗೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮೂರಿನಲ್ಲಿ ಆಕಳು ಹೆರುತ್ತದೆ, ಯಾಕೆ ಎಂದು ನಾನು ಕೇಳಿದೆನೇ? ಒಂದೇ ಜಾತಿಯ ಎರಡು ಸಾಮಾನು ಒಂದು ಕೋಣೆಯಲ್ಲಿ ಒಂದರ ಮುಖ ಒಂದು ನೋಡುತ್ತ ಇದ್ದರೆ ಸಾಕು. ಇವತ್ತಲ್ಲ ನಾಳೆ ಅವುಗಳ ನಡುವೆ ಗೇಣುದ್ದದ ಮರಿ ಕೂತಿರುತ್ತದೆ. ಎರಡು ಮಣೆಯ ನಡುವೆ ಮಣೆ, ಎರಡು ಸೌಟಿನ ನಡುವೆ ಸೌಟು. ಯುಗಾದಿ ಬರುವಷ್ಟರಲ್ಲಿ ಅದೂ ಬೆಳೆದು ದೊಡ್ಡವರ ಸಾಲಿಗೆ ಸೇರುತ್ತದೆ. ಚಪ್ಪಲಿ ಹೆರುವುದಿಲ್ಲ, ಎಡಗಾಲಿನದರ ಕುಲವೇ ಬೇರೆ, ಬಲಗಾಲಿನದರ ಕುಲವೇ ಬೇರೆ. ಒಂಟಿ ಸಾಮಾನೂ ಹೆರುವುದಿಲ್ಲ. ಅದಕ್ಕೇ ನಮ್ಮಲ್ಲಿ ಮದುವೆಯಲ್ಲಿ ಹುಡುಗಿ ತವರಿನಿಂದ ಒಂದೇ ತಾಟು, ಒಂದೇ ತಂಬಿಗೆ, ಒಂದೇ ಕೊಡ ತರುತ್ತಾಳೆ. ಗಂಡನ ಮನೆಯಲ್ಲಿ ಇನ್ನೊಂದು ಕಾದಿರುತ್ತದೆ. ಮುಂದಿನದನ್ನು ಅವೇ ನೋಡಿಕೊಳ್ಳುತ್ತವೆ.

ಹೀಗಾಗಿ ನಮ್ಮ ಮನೆಗಳು ಹೇಗಿರುತ್ತವೆ ಎಂದು ನೀವೇ ಊಹಿಸಿಕೊಳ್ಳಿ. ನನ್ನ ಮನೆಯಲ್ಲಿ ನಾನು ಅಡಿಗೆ ಕೋಣೆಗೆ ಅಡ್ಡ ತಿರುಗಿ ಹೋಗಬೇಕು. ನನ್ನ ಗಂಡ ಟ್ರಂಕುಗಳ ಮೇಲೆ ಹಾಸಿಗೆ ಹಾಸಿಕೊಂಡು ಸೂರಿಗೆ ಮೂಗು ತಾಗಿಸಿ ಮಲಗುತ್ತಾನೆ. ಕಿಟಕಿಗಳು ಎಲ್ಲೋ ಹಿಂದೆ ಇವೆ ಎಂದು ಗೊತ್ತು, ನೋಡಿದವರಿಲ್ಲ. ಯಾರಾದರೂ ಬಂದರೆ ಹೊಸ್ತಿಲ ಮೇಲೆ ನಿಂತು ಮಾತಾಡಿ ಹೋಗುತ್ತಾರೆ. ಆದರೂ ಇದು ನಮಗೆ ಹೆಮ್ಮೆ. ತುಂಬಿದ ಮನೆ ಎನ್ನುತ್ತೇವೆ. ಸಾಮಾನು ಹೆತ್ತ ಮನೆಗೆ ಓಣಿಯ ಹೆಂಗಸರು ಬೆಲ್ಲ ಕೊಬ್ಬರಿ ಹಿಡಿದು ಹೋಗುತ್ತೇವೆ. ಮನೆಯಾಕೆ ಸೆರಗು ಹರವಿ ಕೂಡಬೇಕು. ಹುಟ್ಟಿದ್ದು ತಂಬಿಗೆಯಾಗಲಿ ಸೌಟಾಗಲಿ, ಅದಕ್ಕೆ ಅರಿಸಿನ ಹಚ್ಚಿ, ಅವಳ ಉಡಿಗೆ ಹಾಕಿ ಸೋಬಾನೆ ಹಾಡುತ್ತೇವೆ. ಒಮ್ಮೆ ಉಡಿಗೆ ಬಿದ್ದದ್ದನ್ನು ಬಿಸಾಡುವಂತಿಲ್ಲ, ಮಾರುವಂತಿಲ್ಲ.

ದಾಕ್ಷಾಯಣಿ ನನ್ನ ಪಕ್ಕದ ಮನೆಯವಳು. ನಮ್ಮಿಬ್ಬರ ಮನೆಯ ನಡುವೆ ಒಬ್ಬರು ನಡೆಯುವಷ್ಟು ಸಂದಿ. ಗಂಡ ಗುರುಸಿದ್ದಪ್ಪನಿಗೆ ಹಿಟ್ಟಿನ ಗಿರಣಿ. ದಿನವಿಡೀ ಗಿರಣಿಯ ಸದ್ದಿನಲ್ಲಿ ಕೂತು ಕೂತು ಮನೆಯಲ್ಲಿ ಮಾತೇ ಮರೆತವನು. ಅವರಿಗೆ ಮಕ್ಕಳಿಲ್ಲ. ಆದರೆ ಓಣಿಯಲ್ಲೆಲ್ಲ ಹೆಚ್ಚು ಹೆರುವ ಮನೆ ಅವರದೇ. ಗುರುಸಿದ್ದಪ್ಪನ ತಾಯಿ ಕಾಲದ ಎರಡು ಸಾಗವಾನಿ ಕುರ್ಚಿ ಅಲ್ಲಿದ್ದವು, ಕೈ ಇಟ್ಟುಕೊಳ್ಳುವ ಜಾಗ ಸವೆದು ನುಣ್ಣಗಾದ ಕುರ್ಚಿಗಳು. ನಮ್ಮ ಓಣಿಯ ಅರ್ಧದಷ್ಟು ಕುರ್ಚಿಗಳು ಆ ಜೋಡಿಯ ಮಕ್ಕಳು, ಮೊಮ್ಮಕ್ಕಳು. ಆ ಮನೆಯಲ್ಲಿ ಯಾವ ಜೋಡಿ ಇಟ್ಟರೂ ಮೂರಾಗುತ್ತಿತ್ತು, ಮೂರಿದ್ದದ್ದು ಐದಾಗುತ್ತಿತ್ತು. ನಾವು ಮೇಲಿಂದ ಮೇಲೆ ಬೆಲ್ಲ ಕೊಬ್ಬರಿ ಹಿಡಿದು ಹೋಗುತ್ತಿದ್ದೆವು. ಗುರುಸಿದ್ದಪ್ಪನ ಅಕ್ಕ ಶಿವಗಂಗವ್ವ, ಮೇಲಿನ ಓಣಿಗೆ ಸೊಸೆಯಾಗಿ ಹೋದವಳು, ಪ್ರತಿಸಲ ತಾನೇ ಮುಂದೆ ನಿಂತು ತಮ್ಮನ ಹೆಂಡತಿಯ ಉಡಿ ತುಂಬುತ್ತಿದ್ದಳು. ತುಂಬಿ, "ಇದರ ಬೆನ್ನಿಗೆ ಒಂದು ಕೂಸ ಆಗಲಿ ತಗೋ" ಎನ್ನುತ್ತಿದ್ದಳು. ನಾವೂ ಆಗಲಿ ಆಗಲಿ ಎನ್ನುತ್ತಿದ್ದೆವು. ದಾಕ್ಷಾಯಣಿ ಮುಗುಳ್ನಗುತ್ತಿದ್ದಳು. ನಾವು ಒಳ್ಳೆಯದನ್ನೇ ಬಯಸಿದ್ದೆವು ಎಂದು ನಾನು ಇವತ್ತಿಗೂ ಅನ್ನುತ್ತೇನೆ. ಆದರೆ ಮದುವೆಯಾಗಿ ತಲೆಯಲ್ಲಿ ಬಿಳಿ ಕೂದಲು ಮೂಡುವತನಕ ಒಬ್ಬ ಹೆಂಗಸಿನ ಉಡಿಗೆ ಹಿಟ್ಟಿನ ಜರಡಿ ಹಾಕಿ ಕೂಸಿನ ಮಾತಾಡಿದರೆ ಅವಳಿಗೆ ಒಳಗೆ ಏನಾಗುತ್ತದೆ ಎಂದು ಆಗ ಯಾರೂ ಕೇಳಲಿಲ್ಲ. ಅವಳಿಗೆ ಉರಿಯುತ್ತಿತ್ತು. ನಾವು ಹೋದ ಮೇಲೆ ಬಾಗಿಲು ಹಾಕಿಕೊಂಡು, ಹೊಟ್ಟೆಯ ಮೇಲೆ ಅಂಟಿದ ಅರಿಸಿನವನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳಂತೆ. ಇದನ್ನು ಅವಳೇ ನನಗೆ ಆಮೇಲೆ ಹೇಳಿದಳು.

ಒಂದು ಸಲ ಅವಳು ಬೇರೆ ಊರಿಗೆ ತಂಗಿಯ ಮಗಳ ಹೊಸ ಮನೆಯ ಪೂಜೆಗೆ ಹೋದಳು. ಆ ಊರಿನಲ್ಲಿ ಸಾಮಾನು ಹೆರುವುದಿಲ್ಲ, ಪಾಪ, ಪ್ರತಿಯೊಂದನ್ನೂ ಅಂಗಡಿಯಿಂದ ತರಬೇಕು. ತಂದರೂ ಆ ಹುಡುಗಿ ಹೆಚ್ಚೇನೂ ತಂದಿರಲಿಲ್ಲ. ಬಿಳಿ ಗೋಡೆ. ಗೋಡೆಯೊಳಗೇ ಅಡಗಿದ ಕಪಾಟು, ಹಿಡಿಕೆ ಕೂಡ ಕಾಣದು. ನಡುಮನೆಯಲ್ಲಿ ಕೂಡಲು ಒಂದು ತಗ್ಗಿನ ಮಂಚ, ಮೂಲೆಯಲ್ಲಿ ಒಂದು ದೀಪ. ಬಾಕಿ ಎಲ್ಲ ಖಾಲಿ ನೆಲ. "ಬಡವರಾಗಿದ್ದೀರೇನ ಮಗಳ?" ಎಂದು ದಾಕ್ಷಾಯಣಿ ಕೇಳಿದಳಂತೆ. ಆ ಹುಡುಗಿ ನಕ್ಕು, "ಇಲ್ಲ ದೊಡ್ಡವ್ವ, ಬೇಕಾದಷ್ಟ ಇಟ್ಟೀವಿ. ಈಗ ಎಲ್ಲಾರೂ ಹಿಂಗ ಮಾಡಸ್ತಾರ" ಎಂದಳಂತೆ. ಅವತ್ತು ದಾಕ್ಷಾಯಣಿ ಆ ಖಾಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದಳು. ಕಾಲು ಚಾಚಿದಳು, ಯಾವುದಕ್ಕೂ ತಾಗಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಸಿರಾಡಿದೆ ಎಂದು ನನ್ನ ಮುಂದೆ ಹೇಳಿದಳು.

ಊರಿಗೆ ಬಂದವಳೇ ಗಂಡನ ಮುಂದೆ ಕೂತಳು. ನಾನು ಸಂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದೆ, ಕಿವಿ ಅಲ್ಲೇ ಇತ್ತು. "ಮನಿ ಖಾಲಿ ಮಾಡತೀನಿ. ಒಂದೊಂದ ಸಾಮಾನ ಇಡತೀನಿ. ಒಂದ ತಾಟು, ಒಂದ ತಂಬಿಗಿ, ಒಂದ ಮಂಚ, ಒಂದ ಕುರ್ಚಿ. ಯಾವುದಕ್ಕೂ ಜೋಡಿ ಇರೂದಿಲ್ಲ. ಇನ್ನ ಈ ಮನ್ಯಾಗ ಏನೂ ಹುಟ್ಟೂದಿಲ್ಲ" ಎಂದಳು. ಗುರುಸಿದ್ದಪ್ಪ, "ಒಂದ ತಾಟಿನ್ಯಾಗ ಇಬ್ಬರು ಹೆಂಗ ಉಣ್ಣೂದ?" ಎಂದ. "ಕೂಡಿ ಉಣ್ಣೂದು."

ಬಿಸಾಡುವಂತಿಲ್ಲ, ಮಾರುವಂತಿಲ್ಲ, ಓಣಿಯಲ್ಲಿ ಯಾರಿಗೂ ಬೇಕಾಗಿಲ್ಲ. ದಾಕ್ಷಾಯಣಿ ಏನು ಮಾಡಿದಳೆಂದರೆ, ಗಿರಣಿಗೆ ಜೋಳ ತರುವ ಲಾರಿಯವನನ್ನು ಹಿಡಿದಳು. ಮರಳಿ ಹೋಗುವಾಗ ಹೇಗೂ ಖಾಲಿ ಹೋಗುವ ಲಾರಿ. ಹೆರದ ಊರುಗಳ ಶಾಲೆಗಳಿಗೆ, ಮಠಗಳಿಗೆ, ಹೊಸದಾಗಿ ಸಂಸಾರ ಹೂಡಿದವರಿಗೆ ಕೊಟ್ಟುಬಿಡು ಎಂದು ತುಂಬಿಸತೊಡಗಿದಳು. ಕೊಡ, ಪರಾತ, ಟ್ರಂಕು, ತೊಟ್ಟಿಲು ಕೂಡ. ಹೌದು, ಆ ಮನೆಯಲ್ಲಿ ತೊಟ್ಟಿಲುಗಳೂ ಇದ್ದವು, ಒಂದರ ಮೇಲೊಂದು ಅಟ್ಟದಲ್ಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಹಾಗೆ ಅತ್ತೆ ತಂದಿಟ್ಟ ಒಂದು ತೊಟ್ಟಿಲಿಗೆ ಶಿವಗಂಗವ್ವ ಇನ್ನೊಂದನ್ನು ಜೊತೆ ಮಾಡಿದ್ದಳು. ಅವನ್ನು ದಾಕ್ಷಾಯಣಿ ಯಾರ ಕೈಗೂ ಕೊಡದೆ ತಾನೇ ಎತ್ತಿ ಲಾರಿಗೆ ಏರಿಸಿದಳು. ಓಣಿ ಇಡೀ ಬಾಗಿಲಿಗೆ ಬಂದು ನಿಂತಿತ್ತು. ನಾನೂ ಮೂಗು ಮುರಿದೆ, ಸುಳ್ಳು ಯಾಕೆ ಹೇಳಲಿ.

ಸುದ್ದಿ ಮೇಲಿನ ಓಣಿಗೆ ಹೋಗಲು ತಡವಾಗಲಿಲ್ಲ. ಶಿವಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. "ಉಡಿಗೆ ಬಿದ್ದದ್ದನ್ನ ಲಾರಿಗೆ ಹಾಕತಿಯೇನ? ತುಂಬಿದ ಮನಿ ಬರಿದ ಮಾಡಾಕ ಹೊಂಟೀಯಲ್ಲ, ನಿನಗೇನ ಬುದ್ಧಿಗಿದ್ಧಿ ಐತಿಲ್ಲೋ?" ದಾಕ್ಷಾಯಣಿ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. "ಅಕ್ಕಾ, ಇಷ್ಟ ವರ್ಷ ನನ್ನ ಉಡ್ಯಾಗ ಏನೇನ ಹಾಕಿದ್ರಿ ನೆನಪೈತಿ? ಸೌಟ ಹಾಕಿದ್ರಿ, ತಂಬಿಗಿ ಹಾಕಿದ್ರಿ, ಜರಡಿ ಹಾಕಿದ್ರಿ. ಹಾಕಿದಾಗೊಮ್ಮೆ ಕೂಸಿನ ಮಾತ ತಗದ್ರಿ. ನಾ ನಕ್ಕೆ. ಇನ್ನ ನನಗ ನಗಾಕ ಆಗೂದಿಲ್ಲ. ಇನ್ನೊಮ್ಮೆ ನನ್ನ ಉಡಿಗೆ ಸಾಮಾನ ಬಿತ್ತಂದ್ರ ನಾ ಈ ಮನ್ಯಾಗ ಉಳಿಯಾಕಿ ಅಲ್ಲ." ಅವಳ ದನಿ ಏರಲಿಲ್ಲ. ಅದಕ್ಕೇ ನಮಗೆಲ್ಲ ಹೆದರಿಕೆಯಾಯಿತು. ಶಿವಗಂಗವ್ವ ಸೋಲುವ ಪೈಕಿ ಅಲ್ಲ. "ನೀ ಏನರೆ ಮಾಡು, ಇದು ನಮ್ಮ ಅವ್ವನ ಮನಿ, ಹೆತ್ತೇ ಹೆರತೈತಿ. ಹೆತ್ತ ದಿನ ನಾನ ಬಂದು ನಿನ್ನ ಉಡಿ ತುಂಬತೀನಿ. ಅವತ್ತಿಂದ ಎಲ್ಲಾ ಮೊದಲಿನಂಗ ಆಗಬೇಕು. ಒಪ್ಪತೀಯೇನ?" "ಆತು, ಒಪ್ಪೀನಿ" ಎಂದಳು ದಾಕ್ಷಾಯಣಿ. ಓಣಿಯೆಲ್ಲ ಸಾಕ್ಷಿ.

ಉಳಿದದ್ದು ಗುರುಸಿದ್ದಪ್ಪನ ತಾಯಿಯ ಎರಡು ಕುರ್ಚಿ. ಅದಕ್ಕೆ ಕೈ ಹಚ್ಚಲು ದಾಕ್ಷಾಯಣಿಗೂ ಧೈರ್ಯ ಸಾಲಲಿಲ್ಲ. ಗಂಡ ಆ ಕುರ್ಚಿಯ ಮೇಲೆ ಬೆಳೆದವನು. ನಮ್ಮಲ್ಲಿ ಹೆತ್ತ ಜೋಡಿಯನ್ನು ಅಗಲಿಸುವುದೆಂದರೆ ಗಂಡ ಹೆಂಡತಿಯನ್ನು ಅಗಲಿಸಿದಷ್ಟು ಪಾಪ. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಒಂದು ಮುಂಜಾನೆ ಗುರುಸಿದ್ದಪ್ಪ ಒಂದು ಕುರ್ಚಿಯನ್ನು ಬುಡಮೇಲು ಮಾಡಿ ತಲೆಯ ಮೇಲೆ ಹೊತ್ತುಕೊಂಡು ಗಿರಣಿಯ ದಾರಿ ಹಿಡಿದ. ನಡುದಾರಿಯಲ್ಲಿ ಯಾರೋ "ಏನಪಾ, ಅವ್ವನ ಕುರ್ಚಿ ಎಲ್ಲಿಗೆ?" ಎಂದು ಕೆಣಕಿದರಂತೆ. "ಹಗಲೆಲ್ಲಾ ಇದರ ಮ್ಯಾಲ ಕೂಡತೀನಿ, ಸಂಜಿಗೆ ಅದರ ಮ್ಯಾಲ. ಎರಡಕ್ಕೂ ನಾ ಇದ್ದೀನಲ್ಲ" ಎಂದನಂತೆ. ಅವನು ಒಮ್ಮೆಗೇ ಅಷ್ಟು ಮಾತಾಡಿದ್ದನ್ನು ಊರು ಅದೇ ಮೊದಲು ಕೇಳಿತು. ದಾಕ್ಷಾಯಣಿ ಬಾಗಿಲಲ್ಲಿ ನಿಂತು ಅವನು ಮರೆಯಾಗುವತನಕ ನೋಡಿದಳು. ಕಣ್ಣು ಒರೆಸಿಕೊಂಡಳು, ಒಳಗೆ ಹೋಗಿ ಗೌಂಡಿಯನ್ನು ಕರೆಸಿದಳು.

ಗೌಂಡಿ ಮೌಲಾಸಾಬನಿಗೆ ಮನೆ ಕಟ್ಟುವುದು ಗೊತ್ತು, ಮನೆ ಖಾಲಿ ಮಾಡಿಸುವುದು ಗೊತ್ತಿಲ್ಲ. "ಅವ್ವಾ, ಇಲ್ಲಿ ಒಂದ ಹಲಗಿ ಬಡದರ ಡಬ್ಬಿ ಇಡಾಕ ಬರತೈತಿ" ಎನ್ನುತ್ತಿದ್ದ. "ಡಬ್ಬಿ ಒಂದ ಐತಿ ಮೌಲಾಸಾಬ. ಹಲಗಿ ಬ್ಯಾಡ." "ಇಲ್ಲೊಂದು ಗೂಟ?" "ಬ್ಯಾಡ." "ಬಾಗಲ ಮ್ಯಾಲ ಎರಡು ಗಿಣಿ ಮಾಡಲೇನ, ಗಾರಿಯಾಗ?" "ಎರಡ ಅಂತ ಅನಬ್ಯಾಡ ಮಾರಾಯ." ಅಟ್ಟ ಕೆಡವಿದರು. ಗೋಡೆಯ ಗೂಡು, ಗೂಟ, ಹಲಗೆ ಎಲ್ಲ ಕಿತ್ತರು. ಗೋಡೆಯ ದಪ್ಪದೊಳಗೇ ಒಂದು ಕಪಾಟು ಕೊರೆದು, ಅದಕ್ಕೆ ಗೋಡೆಯ ಬಣ್ಣದ್ದೇ ಕದ ಕೂಡಿಸಿದರು. ನೆಲಕ್ಕೆ ಹಾಸಿದ್ದ ಕರಿಕಲ್ಲು ಎಷ್ಟು ವರ್ಷಗಳ ಮೇಲೆ ಬಯಲಿಗೆ ಬಂತೋ, ಅದನ್ನು ಇಟ್ಟಿಗೆಪುಡಿ ಹಾಕಿ ತಿಕ್ಕಿದಾಗ ನೀರು ನಿಂತಂತೆ ಹೊಳೆಯಿತು. ಗೋಡೆಗೆಲ್ಲ ಸುಣ್ಣ. ನಡುಮನೆಯಲ್ಲಿ ಒಂದು ಕುರ್ಚಿ, ಗೋಡೆಗೆ ಒಂದು ಮಂಚ. ಬೀದಿ ಕಡೆಯ ಗೋಡೆಯಲ್ಲಿ ಒಂದು ಕಿಟಕಿ ಸಿಕ್ಕಿತು. ಟ್ರಂಕಿನ ರಾಶಿ ಹೋದ ಮೇಲೆ ಹಿತ್ತಿಲ ಕಡೆ ಅದರೆದುರಿಗೇ ಇನ್ನೊಂದು ಸಿಕ್ಕಿತು. ಎರಡನ್ನೂ ತೊಳೆದು ತೆರೆದಿಟ್ಟರು. ಬೀದಿಯಲ್ಲಿ ನಿಂತರೆ ಮನೆಯ ಆಚೆ ಹಿತ್ತಿಲಿನ ನುಗ್ಗೆ ಗಿಡ ಕಾಣುತ್ತಿತ್ತು. ನಾವು ಬಾಯಿ ತೆರೆದು ನೋಡಿದೆವು, ನಮ್ಮ ಯಾರ ತಲೆಗೂ ಏನೂ ಹೊಳೆಯಲಿಲ್ಲ.

ಅವರಿಬ್ಬರ ಸಂಸಾರವೂ ಹೊಸ ರೀತಿಗೆ ಹೊಂದಿಕೊಂಡಿತು. ಒಂದೇ ತಾಟಿಗೆ ಎರಡು ಕಡೆಯಿಂದ ಕೈ. ರೊಟ್ಟಿ ಮುರಿಯುವಾಗ ಕೈ ತಾಗುತ್ತಿತ್ತು, ತಾಗಿದರೆ ಮಾತೂ ಬರುತ್ತಿತ್ತು. ಗುರುಸಿದ್ದಪ್ಪ ನೀರು ಕುಡಿಯಲು ತಂಬಿಗೆಯ ಪಾಳಿ ಕಾಯಬೇಕು ಎಂದು ಗೊಣಗುತ್ತಿದ್ದ, ಗೊಣಗುತ್ತಲೇ ಅವಳಿಗೆ ಮೊದಲು ಕೊಡುತ್ತಿದ್ದ. ನಾನು ಒಂದು ದಿನ ಸಾರಿನ ನೆಪ ಮಾಡಿಕೊಂಡು ಹೋದೆ. "ಒಳಗ ಬಾ ಕಾಶವ್ವ, ಕೂಡು" ಎಂದಳು. ಆ ಮನೆಯಲ್ಲಿ ನಾನು ಎಂದೂ ಕೂತಿರಲಿಲ್ಲ, ಕೂಡಲು ಜಾಗವೇ ಇರಲಿಲ್ಲ. ತಣ್ಣನೆಯ ಕಲ್ಲಿನ ಮೇಲೆ ಕೂತೆ. ಅರಿಸಿನ ತೊಳೆದ ಮಾತನ್ನು ಅವತ್ತೇ ಅವಳು ಹೇಳಿದ್ದು. ಮನೆಗೆ ಬಂದು ನನ್ನ ತುಂಬಿದ ಮನೆಯಲ್ಲಿ ಮೊಣಕಾಲು ತಾಗಿಸಿಕೊಂಡಾಗ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಸುಗ್ಗಿ ಮುಗಿಯಿತು, ಯುಗಾದಿ ಬಂತು. ಆ ಮನೆಯಲ್ಲಿ ಒಂದು ಚಮಚ ಕೂಡ ಹುಟ್ಟಲಿಲ್ಲ. ಶಿವಗಂಗವ್ವ ಬಂದಾಗೊಮ್ಮೆ ಬಾಗಿಲಲ್ಲೇ ನಿಂತು ಮೂಲೆ ಮೂಲೆ ಕಣ್ಣಾಡಿಸಿ ಹೋಗುತ್ತಿದ್ದಳು. ಗೆದ್ದೆ ಎಂದು ದಾಕ್ಷಾಯಣಿ ಬಾಯಿಬಿಟ್ಟು ಅನ್ನಲಿಲ್ಲ. ಆದರೆ ಅವಳ ನಡಿಗೆಯೇ ಬದಲಾಗಿತ್ತು, ಕೈ ಬೀಸಿ ನಡೆಯುತ್ತಿದ್ದಳು.

ಆಗ ಒಂದು ಮುಂಜಾನೆ ನಾನು ಸಂದಿಯಲ್ಲಿ ಬೂದಿ ಹಚ್ಚಿ ಮುಸುರೆ ಪಾತ್ರೆ ತಿಕ್ಕುತ್ತ ಕೂತಿದ್ದೆ. ತಲೆ ಎತ್ತಿದರೆ ದಾಕ್ಷಾಯಣಿಯ ಮನೆಯ ಬೋಳು ಗೋಡೆಯಲ್ಲಿ, ನನ್ನ ಎದುರಿಗೇ, ಒಂದು ಕಿಟಕಿ. ನಿನ್ನೆ ಇರಲಿಲ್ಲ. ಅಂಗೈಗಿಂತ ತುಸು ದೊಡ್ಡದು. ಕಡ್ಡಿಯಂಥ ಸರಳು, ಬೆರಳಿನಷ್ಟಗಲದ ಎರಡು ಕದ, ಉಗುರಿನಷ್ಟು ಚಿಲಕ. ನಮ್ಮೂರಲ್ಲಿ ಎರಡು ಕಿಟಕಿ ಎಂದೂ ಒಂದರ ಮುಖ ಒಂದು ನೋಡಿರಲಿಲ್ಲ, ನಡುವೆ ಸಾಮಾನು ಬಿಟ್ಟರೆ ತಾನೇ. ದಾಕ್ಷಾಯಣಿ ಎಲ್ಲ ಜೋಡಿ ಮುರಿದಳು, ಗೋಡೆಯಲ್ಲಿದ್ದ ಜೋಡಿಯನ್ನು ಮರೆತಳು. ಆಡಿಕೊಳ್ಳುವವರ ಮುಂದೆ ಜಾರಿ ಬಿದ್ದ ಹಾಗಾಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಕೈಯಲ್ಲಿದ್ದ ಬೂದಿ ತೊಳೆಯದೆ ಓಣಿಗೆ ಓಡಿ, "ದಾಕ್ಷಾಯಣಿ ಮನಿ ಹೆತ್ತೈತಿ" ಎಂದೆ. ಬಾಯಿಂದ ಹೊರಬಿದ್ದ ಮಾತನ್ನು ಮರಳಿ ಒಳಗೆ ಎಳೆದುಕೊಳ್ಳಲು ಬರಲಿಲ್ಲ.

ಬೆಲ್ಲ ಕೊಬ್ಬರಿ ಹಿಡಿದು ನಾವು ಹೋದಾಗ ದಾಕ್ಷಾಯಣಿ ನಡುಮನೆಯಲ್ಲಿ ಆ ಒಂದು ಕುರ್ಚಿಯ ಮೇಲೆ ಕೂತಿದ್ದಳು. ಮುಖ ಸುಣ್ಣದ ಗೋಡೆಯಷ್ಟೇ ಬಿಳಿ. ಕೈ ಎದೆಗೆ ಕಟ್ಟಿದ್ದಳು. ಮೌಲಾಸಾಬ ಗಾರೆ ಕಲಸಿಟ್ಟುಕೊಂಡು ಕರಣೆ ಹಿಡಿದು ನಿಂತಿದ್ದ, ಗುರುಸಿದ್ದಪ್ಪ ಗಿರಣಿಗೆ ಹೋಗದೆ ಬಾಗಿಲ ಬದಿಗಿದ್ದ. ಶಿವಗಂಗವ್ವ ಅರಿಸಿನದ ಬಟ್ಟಲು ಹಿಡಿದು ಮುಂದೆ ಬಂದಳು. "ಹೆತ್ತಿತಲ್ಲ. ನಾ ಏನ ಅಂದಿದ್ದೆ? ಹುಟ್ಟಿದ್ದಕ್ಕ ಗಾರಿ ಮೆತ್ತತೀಯೇನ? ಮೊದಲ ಉಡಿ ತುಂಬಬೇಕು. ತುಂಬಿದ ಮ್ಯಾಲ ಒಪ್ಪಿದ ಮಾತ ನಡಸಬೇಕು. ಹರವು ಸೆರಗು."

"ಹರವೂದಿಲ್ಲ" ಎಂದಳು ದಾಕ್ಷಾಯಣಿ. "ಕಿಡಕಿ ಕಿತ್ತು ತಂದು ಹಾಕತೀರೇನ ಹಾಕ್ರಿ, ನೋಡೂಣು."

ಇದು ಯಾರಿಗೂ ಹೊಳೆದಿರಲಿಲ್ಲ. ಕಿಟಕಿಯನ್ನು ಉಡಿಗೆ ಹಾಕುವುದು ಹೇಗೆ? ಒಬ್ಬಳು ಸರಳು ಹಿಡಿದು ಜಗ್ಗಿ ನೋಡಿದಳು. ಇನ್ನೊಬ್ಬಳು ಅದರ ಕೆಳಗಿನ ಸುಣ್ಣ ಕೆರೆದು ಹಾಕಿದರೆ ಸಾಕು ಎಂದಳು. ಅದಕ್ಕೆ ಮತ್ತೊಬ್ಬಳು, ಸುಣ್ಣ ಹುಟ್ಟಿದ್ದಲ್ಲ, ಹಚ್ಚಿದ್ದು ಎಂದು ತಕರಾರು ತೆಗೆದಳು. "ಅವ್ವಾ, ಗಾರಿ ಬಿರಸ ಆಗಾಕತ್ತೈತಿ" ಎಂದ ಮೌಲಾಸಾಬ. "ಮುಚ್ಚಿಬಿಡು" ಎಂದಳು ದಾಕ್ಷಾಯಣಿ. "ಮುಚ್ಚಿದರ ನೋಡು" ಎಂದಳು ಶಿವಗಂಗವ್ವ. ಅವನು ಇಬ್ಬರ ಮುಖ ನೋಡುತ್ತ ಕರಣೆ ಎತ್ತಿದ, ಇಳಿಸಿದ.

ಅಷ್ಟರಲ್ಲಿ ಹೊತ್ತು ನನ್ನ ಮನೆಯ ತಗ್ಗಿನ ಮಾಳಿಗೆಯನ್ನು ದಾಟಿ ಮೇಲೆ ಬಂತು. ಆ ಗೋಡೆ ಮೂಡಣದ್ದು, ಇಷ್ಟು ದಿನ ಅಲ್ಲಿ ಬೆಳಕಿಗೆ ದಾರಿ ಇರಲಿಲ್ಲ. ಮರಿಕಿಟಕಿಯಿಂದ ಬಿಸಿಲಿನ ಒಂದು ತುಂಡು, ಸರಳಿನ ನೆರಳು ಸಮೇತ, ಎದುರು ಗೋಡೆಯ ಮೇಲೆ ಬಿತ್ತು. ನಾವೆಲ್ಲ ಅತ್ತ ತಿರುಗಿದೆವು. ಅದು ಗೋಡೆಯಿಂದ ನಿಧಾನವಾಗಿ ಜಾರಿತು. ನಡುವೆ ತಡೆಯಲು ಒಂದು ಡಬ್ಬಿಯೂ ಇರಲಿಲ್ಲ, ಟ್ರಂಕೂ ಇರಲಿಲ್ಲ. ನೆಲದ ಮೇಲೆ ಹಾಯ್ದು ಕುರ್ಚಿಯ ಹತ್ತಿರ ಬಂದು, ದಾಕ್ಷಾಯಣಿಯ ಉಡಿಯಲ್ಲಿ ಕೂತಿತು.

ಅವಳು ಕಟ್ಟಿದ ಕೈ ಬಿಡಿಸಿದಳು. ಅಂಗೈ ಅದರಲ್ಲಿ ಇಟ್ಟಳು, ಹೊರಳಿಸಿದಳು. ಶಿವಗಂಗವ್ವ ಎಚ್ಚೆತ್ತು, "ಬಿತ್ತು, ಉಡಿಗೆ ಬಿತ್ತು" ಎಂದು ಸೋಬಾನೆಗೆ ಬಾಯಿ ತೆರೆದಳು.

"ಹಾಡಬ್ಯಾಡ್ರಿ ಅಕ್ಕಾ" ಎಂದಳು ದಾಕ್ಷಾಯಣಿ. "ಬಿತ್ತು ಖರೆ, ಆದರ ನೀವು ಹಾಕಲಿಲ್ಲ. ಇದು ಕೂಸಲ್ಲ, ಕೂಸಿನ ಬದಲೀನೂ ಅಲ್ಲ. ಬಿಸಲು. ನಾ ಮನಿ ಖಾಲಿ ಮಾಡಿದ್ದು ಯಾಕಂತ ನನಗೂ ಪೂರಾ ಗೊತ್ತಿರಲಿಲ್ಲ, ಇದು ಬರಲಿ ಅಂತ ಮಾಡಿದ್ದೆ ಅನಸತೈತಿ." ಗೌಂಡಿಯ ಕಡೆ ತಿರುಗಿ, "ಮೌಲಾಸಾಬ, ಆ ಗಾರಿ ಹಿತ್ತಲ ಕಟ್ಟಿ ಮ್ಯಾಲ ಬಳಿ" ಎಂದಳು. ಗುರುಸಿದ್ದಪ್ಪ ಮೆಲ್ಲಗೆ ಕೇಳಿದ: "ಮತ್ತೊಂದ ಹುಟ್ಟಿದರ?" "ಹುಟ್ಟಲಿ. ಇದು ಜಾಗಾ ಏನ ಹಿಡಿಯೂದಿಲ್ಲಲ್ಲ."

ಆಮೇಲೆ ನಮ್ಮನ್ನೆಲ್ಲ ನೋಡಿ, "ನಿಂತೀರ್ಯಾಕ, ಕೂಡ್ರಿ" ಎಂದಳು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆ ಮನೆಗೆ ಉಡಿ ತುಂಬಲು ಎಷ್ಟು ಸಲ ಬಂದಿದ್ದರೂ ನಿಂತೇ ಹಾಡಿ ನಿಂತೇ ಹೋದವರು. ಓಣಿಯ ಹೆಂಗಸರೆಲ್ಲ ಕೂತರೂ ನೆಲ ಇನ್ನೂ ಉಳಿದಿತ್ತು. ಶಿವಗಂಗವ್ವ ಒಬ್ಬಳೇ ಬಟ್ಟಲು ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಅವಳ ಕಾಲೂ ಸೋತಿತು. ಕುರ್ಚಿಯ ಮುಂದೆ, ಮರಿಕಿಟಕಿಯ ಕಡೆ, ಕುಕ್ಕರಿಸಿದಳು. ಬೆಲ್ಲ ಕೊಬ್ಬರಿ ಒಂದೇ ತಾಟಿನಲ್ಲಿ ಕೈಯಿಂದ ಕೈಗೆ ಹೋಯಿತು.

ಹೊತ್ತು ಏರಿದಂತೆ ಬಿಸಿಲು ದಾಕ್ಷಾಯಣಿಯ ಉಡಿಯಿಂದ ಇಳಿದು ಶಿವಗಂಗವ್ವನ ಕಡೆ ಸರಿಯಿತು. ಅವಳು ರೂಢಿಯಿಂದ, ತನಗೇ ಗೊತ್ತಿಲ್ಲದಂತೆ, ಸೆರಗು ಹರವಿದಳು. ಬಿಸಿಲು ಅದರಲ್ಲಿ ಬಿತ್ತು. ನಾಲ್ಕು ಮಕ್ಕಳನ್ನು ಹೆತ್ತವಳು, ಊರ ಎಲ್ಲರ ಉಡಿ ತುಂಬಿದವಳು, ತನ್ನ ಉಡಿಯನ್ನು ಬಗ್ಗಿ ನೋಡುತ್ತ ಕೂತಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. "ಅವ್ವನ ಕುರ್ಚಿ ಗಿರಣ್ಯಾಗ ಇರಲಿ ಬಿಡು" ಎಂದಳು, ಯಾರ ಕಡೆಯೂ ನೋಡದೆ. ಬಿಸಿಲು ಸರಿಯತೊಡಗಿದಾಗ ಸೆರಗು ಮಡಿಚಿ ಹಿಡಿಯಲು ಹೋದಳು.

"ಹಿಡೀಬ್ಯಾಡ್ರಿ ಅಕ್ಕಾ" ಎಂದಳು ದಾಕ್ಷಾಯಣಿ. "ಹೋಗಲಿ ಬಿಡ್ರಿ. ಅದು ನಾಳೆ ಬರತೈತಿ."

ಶಿವಗಂಗವ್ವ ಸೆರಗು ಬಿಟ್ಟಳು. ಅದು ನೆಲದ ಮೇಲೆ ಜರುಗಿ ಬಂದು ಬೂದಿ ಮೆತ್ತಿದ ನನ್ನ ಕೈ ಮೇಲೆ ಕೂತಿತು. ನಾನು ಕೈ ಅಲ್ಲಾಡಿಸದೆ, ಅದು ಮುಂದೆ ಹೋಗುವತನಕ ಹಾಗೇ ಕೂತೆ.